ಲಂಡನ್‌ನಲ್ಲಿ ಸ್ವಂತ ಕಂಪನಿ ತೆರೆದು ನನಗೆ ನಾನೇ ವೀಸಾ ಕೊಟ್ಟುಕೊಳ್ಳಬಹುದೇ?

ಪ್ರಶ್ನೆ: ಮಾನ್ಯರೇ, ನಾನು ಹುಬ್ಬಳ್ಳಿಯವನು, ವಯಸ್ಸು 36. 2019ರಲ್ಲಿ ಗೋಕುಲ ರಸ್ತೆಯಲ್ಲಿ ಒಂದು ಸಣ್ಣ ಸಾಫ್ಟ್‌ವೇರ್ ಪ್ರೈವೇಟ್ ಲಿಮಿಟೆಡ್ ಕಂಪನಿ ಆರಂಭಿಸಿದೆ. ಏಳು ಜನ ನೌಕರರಿದ್ದಾರೆ. ಸಗಟು ವ್ಯಾಪಾರಿಗಳಿಗೆ ದಾಸ್ತಾನು ಮತ್ತು ಬಿಲ್ಲಿಂಗ್ ತಂತ್ರಾಂಶ ಮಾಡಿಕೊಡುತ್ತೇವೆ. ಅಮರಗೋಳದ ಎಪಿಎಂಸಿಯ ದಲಾಲರು, ಬ್ಯಾಡಗಿಯ ಮೆಣಸಿನಕಾಯಿ ವರ್ತಕರು ನಮ್ಮ ಗ್ರಾಹಕರು. ವರ್ಷದ ವಹಿವಾಟು ಸುಮಾರು ₹1.4 ಕೋಟಿ. ಬ್ರಿಟನ್ನಿನ ಇಬ್ಬರು ಗ್ರಾಹಕರಿಂದ ತಿಂಗಳಿಗೆ 2,300 ಪೌಂಡ್ ಬರುತ್ತದೆ. ಬೆಂಗಳೂರಿನ ಸಲಹಾ ಸಂಸ್ಥೆಯೊಂದು, ‘ಲಂಡನ್‌ನಲ್ಲಿ ನಿಮ್ಮ ಹೆಸರಿನಲ್ಲೇ ಕಂಪನಿ ತೆರೆಯುತ್ತೇವೆ. ಆ ಕಂಪನಿಯೇ ನಿಮಗೆ ಕೆಲಸದ ವೀಸಾ ಕೊಡುತ್ತದೆ. ಐದು ವರ್ಷಕ್ಕೆ ಪಿಆರ್ (ಖಾಯಂ ವಾಸದ ಹಕ್ಕು) ಖಾತ್ರಿ’ ಎಂದು ಹೇಳಿ ₹28 ಲಕ್ಷ ಕೇಳಿದೆ. ₹1 ಲಕ್ಷ ಮುಂಗಡ ಕೊಟ್ಟಿದ್ದೇನೆ. ಉಳಿದದ್ದಕ್ಕೆ ನವಲಗುಂದದ ಬಳಿಯ ನಾಲ್ಕು ಎಕರೆ ಎರೆ ಹೊಲ ಮಾರಲು ತಂದೆಯವರು ಒಪ್ಪಿದ್ದಾರೆ. ಪತ್ನಿ ಧಾರವಾಡದ ಅನುದಾನಿತ ಶಾಲೆಯಲ್ಲಿ ಶಿಕ್ಷಕಿ, ಮಗಳಿಗೆ ಏಳು ವರ್ಷ. ಗೆಳೆಯರಲ್ಲಿ ಒಬ್ಬ ಅಮೆರಿಕ ಎನ್ನುತ್ತಾನೆ, ಇನ್ನೊಬ್ಬ ದುಬೈ ಎನ್ನುತ್ತಾನೆ. ಈ ಸ್ವಂತ ಕಂಪನಿಯ ವೀಸಾ ಕಾನೂನುಬದ್ಧವೇ, ಮೋಸವೇ? ಪತ್ನಿ ಈಗಲೇ ರಾಜೀನಾಮೆ ಕೊಡಬೇಕೆ?

ಉತ್ತರ: ಮೊದಲು ಹೊಲ ಮಾರುವ ಮಾತನ್ನು ನಿಲ್ಲಿಸಿ. ಖರೀದಿದಾರರಿಂದ ಸಂಚಕಾರ ತೆಗೆದುಕೊಂಡಿರದಿದ್ದರೆ ಇನ್ನೂ ಒಳ್ಳೆಯದು. ಉಳಿದದ್ದನ್ನು ನಿಧಾನವಾಗಿ ನೋಡೋಣ.

ನಿಮ್ಮ ಪತ್ರದಲ್ಲಿ ಎರಡು ಚಿಂತೆಗಳು ಹೆಣೆದುಕೊಂಡಿವೆ. ಸಂಸ್ಥೆ ಹೇಳುತ್ತಿರುವ ದಾರಿ ನಿಜಕ್ಕೂ ಇದೆಯೇ ಎಂಬುದು ಒಂದು. ಇದ್ದರೆ ಅದು ನಿಮಗೆ ಹೊಂದುತ್ತದೆಯೇ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಉತ್ತರ ಹೌದು, ಎರಡನೆಯದಕ್ಕೆ ಸದ್ಯದ ನಿಮ್ಮ ಲೆಕ್ಕದಲ್ಲಿ ಇಲ್ಲ. ಅವಳಿ ನಗರದ ಸಣ್ಣ ಉದ್ಯಮಗಳ ವಿದೇಶಿ ಹೂಡಿಕೆ ಮತ್ತು ತೆರಿಗೆಯ ಕಡತಗಳನ್ನು ನೋಡುವ ಲೆಕ್ಕ ಪರಿಶೋಧಕನಾಗಿ ಹೇಳುವುದಾದರೆ, ಇಂಥ ಪ್ರಕರಣಗಳಲ್ಲಿ ಪೂರ್ತಿ ಸುಳ್ಳು ಹೇಳುವವರು ಕಡಿಮೆ. ಅರ್ಧ ನಿಜ ಹೇಳಿ ಉಳಿದರ್ಧವನ್ನು ಗ್ರಾಹಕನ ಊಹೆಗೆ ಬಿಡುವವರೇ ಹೆಚ್ಚು.

ಬ್ರಿಟನ್ನಿನ ವಲಸೆ ನಿಯಮಗಳಲ್ಲಿ ‘ಸೆಲ್ಫ್ ಸ್ಪಾನ್ಸರ್‌ಶಿಪ್’ ಎಂಬ ವೀಸಾ ಇಲ್ಲ. ಸ್ವಂತ ಕಂಪನಿಯಿಂದಲೇ ತನಗೆ ವೀಸಾ ಕೊಡಿಸಿಕೊಳ್ಳುವುದಕ್ಕೆ ಸಲಹೆಗಾರರು ಇಟ್ಟುಕೊಂಡ ಹೆಸರು ಅದು. ಇರುವುದು ‘ಸ್ಕಿಲ್ಡ್ ವರ್ಕರ್’ ವೀಸಾ. ಅಲ್ಲಿನ ಯಾವುದೇ ಕಂಪನಿ ಹೋಮ್ ಆಫೀಸ್ ಎಂಬ ಗೃಹ ಇಲಾಖೆಯಿಂದ ಸ್ಪಾನ್ಸರ್ ಲೈಸೆನ್ಸ್ ಪಡೆದು ಹೊರದೇಶದವರನ್ನು ಕೆಲಸಕ್ಕೆ ಕರೆಸಿಕೊಳ್ಳುವ ವ್ಯವಸ್ಥೆ ಅದು. ಹಾಗೆ ಬರುವ ನೌಕರ ಆ ಕಂಪನಿಯ ಷೇರುದಾರನೂ ಆಗಿರಬಾರದು ಎಂಬ ನಿಷೇಧ ಇಲ್ಲ. ಆ ಸಂದಿನಲ್ಲಿ ಹುಟ್ಟಿದ್ದು ಈ ಯೋಜನೆ. ಹೀಗಾಗಿ ಕಾನೂನುಬಾಹಿರ ಎನ್ನಲಾಗದು. ಆದರೆ ಅಧಿಕಾರಿ ಕೇಳುವ ಪ್ರಶ್ನೆ ಕಂಪನಿ ಯಾರದು ಎಂಬುದಲ್ಲ. ಈ ಕಂಪನಿಯಲ್ಲಿ ನಿಜವಾಗಿ ಇಂಥ ಹುದ್ದೆಯ ಅಗತ್ಯ ಇದೆಯೇ, ಅದಕ್ಕೆ ಸಂಬಳ ಕೊಡುವ ವ್ಯಾಪಾರ ಎಲ್ಲಿದೆ ಎಂದು ಅವರು ಕೇಳುತ್ತಾರೆ. ನಿನ್ನೆ ನೋಂದಣಿಯಾದ, ಗ್ರಾಹಕರೇ ಇಲ್ಲದ ಕಂಪನಿ ಇದಕ್ಕೆ ಏನು ಉತ್ತರ ಕೊಟ್ಟೀತು?

ಕಂಪನಿ ನೋಂದಣಿಯನ್ನೇ ದೊಡ್ಡ ಸಾಧನೆಯೆಂದು ತೋರಿಸಿ ನಿಮ್ಮಿಂದ ಮೊದಲ ಕಂತು ವಸೂಲಿ ಮಾಡುತ್ತಾರೆ. ಬ್ರಿಟನ್ನಿನ ಕಂಪನಿ ನೋಂದಣಿ ಕಚೇರಿಯಾದ ಕಂಪನೀಸ್ ಹೌಸ್‌ನಲ್ಲಿ ಯಾವ ದೇಶದವರು ಬೇಕಾದರೂ ಮನೆಯಲ್ಲೇ ಕುಳಿತು ನೋಂದಣಿ ಮಾಡಿಸಬಹುದು. ಸರ್ಕಾರಿ ಶುಲ್ಕ ನೂರು ಪೌಂಡ್ ಆಸುಪಾಸು, ಜೊತೆಗೆ ಗುರುತಿನ ಪರಿಶೀಲನೆ. ಅದರಿಂದ ಬ್ರಿಟನ್‌ನಲ್ಲಿ ಒಂದು ದಿನ ಕೆಲಸ ಮಾಡುವ ಹಕ್ಕೂ ಸಿಗುವುದಿಲ್ಲ. ಎಸ್ಟೋನಿಯಾದ ಇ-ರೆಸಿಡೆನ್ಸಿ ಕಾರ್ಡನ್ನು ಯುರೋಪಿನ ವಾಸದ ಪರವಾನಗಿ ಎಂದು ಮಾರುವವರೂ ಇದ್ದಾರೆ. ಅದೂ ಹಾಗೆಯೇ: ಕಂಪನಿ ನಡೆಸಲು ಡಿಜಿಟಲ್ ಗುರುತು ಅಷ್ಟೇ, ಅಲ್ಲಿ ವಾಸಿಸುವ ಹಕ್ಕಲ್ಲ.

ಈಗ ಲೆಕ್ಕಕ್ಕೆ ಬನ್ನಿ. 2025ರ ಜುಲೈ 22ರಿಂದ ಸ್ಕಿಲ್ಡ್ ವರ್ಕರ್ ವೀಸಾಕ್ಕೆ ಸಾಮಾನ್ಯ ಕನಿಷ್ಠ ಸಂಬಳ ವರ್ಷಕ್ಕೆ 41,700 ಪೌಂಡ್. ಹುದ್ದೆ ಪದವಿ ಮಟ್ಟದ್ದಾಗಿರಬೇಕು. ಸಾಫ್ಟ್‌ವೇರ್ ಅಭಿವೃದ್ಧಿಯಂಥ ಹುದ್ದೆಗಳಿಗೆ ನಿಗದಿಯಾದ ದರ ಇದಕ್ಕಿಂತಲೂ ಹೆಚ್ಚು, ಆದರೂ ನಿಮ್ಮ ಪರವಾಗಿ ಕಡಿಮೆ ಮೊತ್ತವನ್ನೇ ಹಿಡಿಯೋಣ. ಉದ್ಯೋಗದಾತ ಕಂಪನಿ 5,000 ಪೌಂಡ್ ಮೀರಿದ ಸಂಬಳಕ್ಕೆ ಶೇ 15ರಂತೆ ನ್ಯಾಷನಲ್ ಇನ್ಶೂರೆನ್ಸ್ (ಸಾಮಾಜಿಕ ಭದ್ರತೆಯ ವಂತಿಗೆ) ಕಟ್ಟಬೇಕು. ಅದು 5,505 ಪೌಂಡ್. ಸಣ್ಣ ಉದ್ಯೋಗದಾತರಿಗೆ ಇದರಲ್ಲಿ ವಿನಾಯಿತಿ ಇದೆ, ಆದರೆ ನಿರ್ದೇಶಕನೊಬ್ಬನೇ ನೌಕರನಾಗಿರುವ ಕಂಪನಿಗೆ ಅದು ಸಿಗುವುದಿಲ್ಲ. ಅಲ್ಲಿಗೆ ನಿಮ್ಮೊಬ್ಬರಿಗಾಗಿ ಕಂಪನಿಯ ವಾರ್ಷಿಕ ಖರ್ಚು 47,205 ಪೌಂಡ್. ನಿಮ್ಮ ಇಬ್ಬರು ಬ್ರಿಟನ್ ಗ್ರಾಹಕರಿಂದ ಬರುವುದು ವರ್ಷಕ್ಕೆ 27,600. ಉಳಿದ 19,605 ಪೌಂಡ್ ಎಲ್ಲಿಂದ ತರುತ್ತೀರಿ? ಬಾಡಿಗೆ, ಲೆಕ್ಕಪತ್ರದ ಖರ್ಚು, ಲೈಸೆನ್ಸ್ ಶುಲ್ಕಗಳನ್ನು ನಾನಿನ್ನೂ ಸೇರಿಸಿಲ್ಲ.

ಇಲ್ಲಿ ಸಲಹೆಗಾರರು ಪಿಸುಮಾತಿನಲ್ಲಿ ಹೇಳುವ ಉಪಾಯವೊಂದಿದೆ: ‘ಹೊಲ ಮಾರಿದ ಹಣವನ್ನು ಬಂಡವಾಳ ಎಂದು ಕಳಿಸಿ, ಅದನ್ನೇ ಸಂಬಳ ಎಂದು ವಾಪಸ್ ಪಡೆಯಿರಿ.’ ಕೇಳಲು ಜಾಣತನ ಎನಿಸುತ್ತದೆ. 41,700 ಪೌಂಡ್ ಸಂಬಳದಲ್ಲಿ ಸುಮಾರು 5,826 ಆದಾಯ ತೆರಿಗೆಗೆ ಹೋಗುತ್ತದೆ, ಸುಮಾರು 2,330 ನೌಕರನ ಪಾಲಿನ ನ್ಯಾಷನಲ್ ಇನ್ಶೂರೆನ್ಸ್‌ಗೆ ಹೋಗುತ್ತದೆ. 47,205 ಪೌಂಡ್ ಕಳಿಸಿ ಸುಮಾರು 33,544 ಪೌಂಡ್ ಕೈಗೆ ಪಡೆಯುವ ವ್ಯವಹಾರ ಇದು. ಪ್ರತಿ ವರ್ಷ 13,600 ಪೌಂಡಿಗೂ ಹೆಚ್ಚು ಸೋರಿಕೆ. ತೂತು ಬಿದ್ದ ಹಗೇವಿಗೆ ಜೋಳ ತುಂಬಿದ ಹಾಗೆ. ತೆರಿಗೆ ಇಲಾಖೆಗೆ ಪ್ರತಿ ಸಂಬಳದ ವಿವರ ಆಗಿಂದಾಗ್ಗೆ ಹೋಗುವುದರಿಂದ ಹೋಮ್ ಆಫೀಸ್ ಅದನ್ನು ತಾಳೆ ನೋಡಬಹುದು. ಅಷ್ಟೇ ಅಲ್ಲ, ನೌಕರ ತನ್ನ ಪ್ರಾಯೋಜಕ ಕಂಪನಿಗೆ ಸಾಲ ಅಥವಾ ಹೂಡಿಕೆಯ ರೂಪದಲ್ಲಿ ಮರಳಿಸುವ ಹಣವನ್ನು ಸಂಬಳದಿಂದ ಕಳೆದೇ ಅರ್ಹತೆ ನೋಡುವಂತೆ 2025ರಲ್ಲಿ ನಿಯಮವನ್ನು ಬಿಗಿ ಮಾಡಿದ್ದಾರೆ. ಲೈಸೆನ್ಸ್ ಶುಲ್ಕವನ್ನೂ ಸ್ಪಾನ್ಸರ್‌ಶಿಪ್ ಪ್ರಮಾಣಪತ್ರದ ಶುಲ್ಕವನ್ನೂ ಸ್ಕಿಲ್ಡ್ ವರ್ಕರ್ ನೌಕರನಿಂದ ವಸೂಲಿ ಮಾಡುವಂತಿಲ್ಲ ಎಂಬ ನಿಯಮ 2024ರ ಡಿಸೆಂಬರ್ 31ರಿಂದಲೇ ಇದೆ. ನಿಮ್ಮ ಜೇಬೇ ಕಂಪನಿಯ ಖಜಾನೆ ಆದಾಗ ಈ ಗೆರೆ ದಾಟದೆ ಇರುವುದು ಎಷ್ಟು ಕಷ್ಟ ಎಂದು ಯೋಚಿಸಿ.

ಇನ್ನೊಂದು ತೊಡಕು. ಸ್ಪಾನ್ಸರ್ ಲೈಸೆನ್ಸ್ ಇರುವ ಕಂಪನಿಯ ಆನ್‌ಲೈನ್ ವ್ಯವಸ್ಥೆಯನ್ನು ನಿರ್ವಹಿಸುವವರಲ್ಲಿ ಒಬ್ಬರಾದರೂ ಬ್ರಿಟನ್‌ನಲ್ಲಿ ಖಾಯಂ ನೆಲೆಯ ಹಕ್ಕು ಇರುವವರಾಗಿರಬೇಕು, ಕಂಪನಿಯ ನೌಕರರೋ ನಿರ್ದೇಶಕರೋ ಆಗಿರಬೇಕು. ನಿಮಗೆ ಅಲ್ಲಿ ಅಂಥವರು ಯಾರೂ ಇಲ್ಲ. ಸಲಹಾ ಸಂಸ್ಥೆ ‘ನಮ್ಮವರೊಬ್ಬರನ್ನು ಹಾಕುತ್ತೇವೆ’ ಎನ್ನುತ್ತದೆ. ಕಾಗದದ ಮೇಲೆ ಮಾತ್ರ ಇರುವ ಆ ಅಪರಿಚಿತರ ಕೈಯಲ್ಲಿ ನಿಮ್ಮ ವೀಸಾದ ಜುಟ್ಟು ಇರುತ್ತದೆ. ತಪಾಸಣೆಗೆ ಬಂದ ಅಧಿಕಾರಿ ಅವರನ್ನು ಎರಡು ಪ್ರಶ್ನೆ ಕೇಳಿದರೆ ಬಣ್ಣ ಬಯಲಾಗುತ್ತದೆ. ಲೈಸೆನ್ಸ್ ರದ್ದಾದರೆ ವೀಸಾ ಸಾಮಾನ್ಯವಾಗಿ 60 ದಿನಕ್ಕೆ ಮೊಟಕಾಗುತ್ತದೆ. ಆ ಅವಧಿಯಲ್ಲಿ ಬೇರೆ ಪ್ರಾಯೋಜಕರು ಸಿಗಬೇಕು, ಇಲ್ಲವೇ ಮಗಳ ಶಾಲೆ ಬಿಡಿಸಿಕೊಂಡು ಮರಳಬೇಕು. ಅರ್ಜಿಯಲ್ಲಿ ವಂಚನೆ ಇದೆ ಎಂದು ತೀರ್ಮಾನವಾದರೆ ಹತ್ತು ವರ್ಷದವರೆಗೆ ನಿಷೇಧ ಬೀಳಬಹುದು. ಆಗ ‘ನನಗೆ ಗೊತ್ತಿರಲಿಲ್ಲ, ಏಜೆಂಟ್ ಮಾಡಿದ್ದು’ ಎಂದರೆ ಯಾರೂ ಕೇಳುವುದಿಲ್ಲ. ಸಹಿ ನಿಮ್ಮದು.

‘ಐದು ವರ್ಷಕ್ಕೆ ಪಿಆರ್ ಖಾತ್ರಿ’ ಎಂಬ ಮಾತನ್ನು ಬರವಣಿಗೆಯಲ್ಲಿ ಕೊಡಲು ಕೇಳಿ ನೋಡಿ. ಸಾಮಾನ್ಯ ಅರ್ಹತಾ ಅವಧಿಯನ್ನು ಐದರಿಂದ ಹತ್ತು ವರ್ಷಕ್ಕೆ ಏರಿಸುವ ಉದ್ದೇಶವನ್ನು ಬ್ರಿಟನ್ ಸರ್ಕಾರ 2025ರ ಮೇ ತಿಂಗಳ ಶ್ವೇತಪತ್ರದಲ್ಲೇ ಪ್ರಕಟಿಸಿದೆ. ಸರ್ಕಾರವೇ ಬದಲಿಸಹೊರಟದ್ದಕ್ಕೆ ಬೆಂಗಳೂರಿನ ಕಚೇರಿ ಖಾತ್ರಿ ಕೊಡುವುದು ಹೇಗೆ?

ಹಾಗಾದರೆ ನಿಮ್ಮ ಬಳಿ ಏನೂ ಇಲ್ಲವೇ? ಇದೆ. ಅದನ್ನು ಸಲಹೆಗಾರರು ನೋಡಿಯೇ ಇಲ್ಲ, ಅಥವಾ ನೋಡಿದರೆ ಅವರ ಶುಲ್ಕಕ್ಕೆ ಕತ್ತರಿ ಬೀಳುತ್ತದೆ. ನಿಮ್ಮ ನಿಜವಾದ ಬಲ ಲಂಡನ್ನಿನ ಹೊಸ ಕಂಪನಿಯಲ್ಲ, ಗೋಕುಲ ರಸ್ತೆಯ ಹಳೆಯ ಕಂಪನಿ. 2022ರ ಏಪ್ರಿಲ್‌ನಲ್ಲಿ ಬ್ರಿಟನ್ ‘ಎಕ್ಸ್‌ಪಾನ್ಷನ್ ವರ್ಕರ್’ ಎಂಬ ವೀಸಾ ತಂದಿತು. ಹೊರದೇಶದಲ್ಲಿ ಸಾಮಾನ್ಯವಾಗಿ ಮೂರು ವರ್ಷವಾದರೂ ವ್ಯಾಪಾರ ನಡೆಸಿದ ಕಂಪನಿ, ಬ್ರಿಟನ್‌ನಲ್ಲಿ ಮೊದಲ ಶಾಖೆಯನ್ನೋ ಪೂರ್ಣ ಒಡೆತನದ ಅಂಗಸಂಸ್ಥೆಯನ್ನೋ ತೆರೆಯಲು ತನ್ನ ಹಿರಿಯ ನೌಕರನನ್ನು ಕಳಿಸುವ ದಾರಿ ಅದು. ಇದಕ್ಕೂ ಮೊದಲಿದ್ದ ಏಕೈಕ ಪ್ರತಿನಿಧಿ ವೀಸಾದಲ್ಲಿ ಕಂಪನಿಯ ಬಹುಪಾಲು ಒಡೆಯರಿಗೆ ಅವಕಾಶವಿರಲಿಲ್ಲ. ಇದರಲ್ಲಿ ಆ ಅಡ್ಡಿ ಇಲ್ಲ.

ಆದರೆ ಈ ದಾರಿಗೆ ಎರಡು ಬೀಗಗಳಿವೆ, ಸಲಹಾ ಸಂಸ್ಥೆಯ ಯೋಜನೆ ಎರಡನ್ನೂ ಹಾಕಿಬಿಡುತ್ತದೆ. ಬ್ರಿಟನ್‌ನಲ್ಲಿ ಕಂಪನಿಯನ್ನು ನಿಮ್ಮ ವೈಯಕ್ತಿಕ ಹೆಸರಿನಲ್ಲಿ ತೆರೆದರೆ ಅದು ಹುಬ್ಬಳ್ಳಿ ಕಂಪನಿಯ ಅಂಗಸಂಸ್ಥೆಯೇ ಆಗುವುದಿಲ್ಲ. ಇನ್ನು ಆ ಕಂಪನಿ ಅಲ್ಲಿ ವ್ಯಾಪಾರ ಆರಂಭಿಸಿ ಬಿಲ್ ಮಾಡತೊಡಗಿದರೆ, ‘ಇನ್ನೂ ವ್ಯಾಪಾರ ಆರಂಭಿಸಿರಬಾರದು’ ಎಂಬ ಷರತ್ತು ಮುರಿಯುತ್ತದೆ. ಇಲ್ಲಿಂದಲೇ ಬ್ರಿಟನ್ ಗ್ರಾಹಕರಿಗೆ ಬಿಲ್ ಕಳಿಸುವುದು ಬೇರೆ, ಅಲ್ಲಿ ಅಂಗಡಿ ತೆರೆದು ವ್ಯಾಪಾರಕ್ಕೆ ಕೂರುವುದು ಬೇರೆ. ಆದ್ದರಿಂದಲೇ ಮುಂಗಡ ಕೊಟ್ಟಿದ್ದರೂ ಕಂಪನಿ ನೋಂದಣಿಗೆ ಒಪ್ಪಿಗೆ ಕೊಡಬೇಡಿ ಎನ್ನುತ್ತಿದ್ದೇನೆ.

ಈ ವೀಸಾವೂ ಸಲೀಸಲ್ಲ. ಕನಿಷ್ಠ ಸಂಬಳ 52,500 ಪೌಂಡ್, ಅಂದರೆ ನಿಮ್ಮ ಕಂಪನಿಯ ವಹಿವಾಟಿನ ಅರ್ಧದ ಹತ್ತಿರ. ಏಳು ಜನರ ಸಂಬಳ ಕೊಟ್ಟ ಮೇಲೆ ಅಷ್ಟು ಉಳಿಯುತ್ತದೆಯೇ ಎಂಬುದು ನಿಮಗೇ ಗೊತ್ತು. ಒಂದು ಸಲಕ್ಕೆ ಒಂದು ವರ್ಷ, ಹೆಚ್ಚೆಂದರೆ ಎರಡು ವರ್ಷ. ಆ ಅವಧಿ ಪಿಆರ್‌ಗೆ ಲೆಕ್ಕಕ್ಕೆ ಬರುವುದಿಲ್ಲ. ಎರಡು ವರ್ಷದಲ್ಲಿ ಅಲ್ಲಿನ ಅಂಗಸಂಸ್ಥೆ ನಿಜವಾಗಿ ಬೆಳೆದರೆ ಅದು ಪೂರ್ಣ ಲೈಸೆನ್ಸ್ ಪಡೆದು ನಿಮ್ಮನ್ನು ಸ್ಕಿಲ್ಡ್ ವರ್ಕರ್ ವೀಸಾಕ್ಕೆ ಬದಲಿಸಬಹುದು. ಬೆಳೆಯದಿದ್ದರೆ ವಾಪಸ್ ಬರುತ್ತೀರಿ, ಆದರೆ ಹುಬ್ಬಳ್ಳಿಯ ಕಂಪನಿ ಇದ್ದೇ ಇರುತ್ತದೆ. ನನ್ನ ದೃಷ್ಟಿಯಲ್ಲಿ ಎರಡು ದಾರಿಗಳ ನಡುವಿನ ದೊಡ್ಡ ವ್ಯತ್ಯಾಸ ಇದೇ.

ಕಳಿಸುವ ಮುನ್ನ ನೀವು ಕನಿಷ್ಠ 12 ತಿಂಗಳು ಕಂಪನಿಯ ನೌಕರರಾಗಿದ್ದ ದಾಖಲೆ ಬೇಕು. ಇಲ್ಲಿಯೇ ನಮ್ಮ ಕಡೆಯ ಉದ್ಯಮಿಗಳು ಎಡವುತ್ತಾರೆ. ನೌಕರರಿಗೆಲ್ಲ ತಿಂಗಳ ಮೊದಲ ವಾರ ಸಂಬಳ ಹಾಕುತ್ತಾರೆ. ತಾವು ಮಾತ್ರ ಬೇಕಾದಾಗ ಕಂಪನಿಯ ಖಾತೆಯಿಂದ ತೆಗೆದು, ವರ್ಷದ ಕೊನೆಗೆ ನಿರ್ದೇಶಕರ ಸಾಲ ಎಂದು ಹೊಂದಿಸಿ ಎಂದು ಲೆಕ್ಕಿಗರಿಗೆ ಹೇಳುತ್ತಾರೆ. ನೀವೂ ಹಾಗೆ ಮಾಡುತ್ತಿದ್ದರೆ ಈ ತಿಂಗಳಿಂದಲೇ ನಿಲ್ಲಿಸಿ. ನೇಮಕಾತಿ ಪತ್ರ, ಸಂಬಳದ ಚೀಟಿ, ಟಿಡಿಎಸ್ ಕಡಿತ, ವರ್ಷದ ಟಿಡಿಎಸ್ ಪ್ರಮಾಣಪತ್ರ, ಎಲ್ಲವೂ ನಿಮ್ಮ ಹೆಸರಿನಲ್ಲಿ ಆಗಬೇಕು. ನಾಳೆ ಅಮೆರಿಕಕ್ಕೆ ಹೋಗುವ ಮನಸ್ಸಾದರೂ ಇದೇ ಕಾಗದ ಕೆಲಸಕ್ಕೆ ಬರುತ್ತದೆ.

ಭಾರತದ ಕಡೆಯ ಕಾನೂನನ್ನು ವೀಸಾ ಸಲಹೆಗಾರರು ಮಾತಾಡುವುದೇ ಇಲ್ಲ. ಹೊರದೇಶದ ಕಂಪನಿಯಲ್ಲಿ ಒಂದು ಪೌಂಡಿನ ಷೇರು ತೆಗೆದುಕೊಂಡರೂ ಅದು ಫೆಮಾ (ವಿದೇಶಿ ವಿನಿಮಯ ನಿರ್ವಹಣಾ ಕಾಯ್ದೆ) ಅಡಿಯ ವಿದೇಶಿ ಹೂಡಿಕೆ. 2022ರ ಆಗಸ್ಟ್‌ನಿಂದ ಹೊಸ ನಿಯಮಗಳಿವೆ. ಹಣ ಕಳಿಸುವ ಮೊದಲೇ ಅಧಿಕೃತ ವಿದೇಶಿ ವಿನಿಮಯ ಬ್ಯಾಂಕಿನ ಮೂಲಕ ಫಾರ್ಮ್ ಎಫ್‌ಸಿ ಸಲ್ಲಿಸಿ ರಿಸರ್ವ್ ಬ್ಯಾಂಕಿನ ವಿಶಿಷ್ಟ ಗುರುತಿನ ಸಂಖ್ಯೆ ಪಡೆಯಬೇಕು. ಷೇರಿನ ದಾಖಲೆಯನ್ನು ಆರು ತಿಂಗಳೊಳಗೆ ಬ್ಯಾಂಕಿಗೆ ಕೊಡಬೇಕು. ಪ್ರತಿ ವರ್ಷ ಡಿಸೆಂಬರ್ 31ರೊಳಗೆ ಆ ಕಂಪನಿಯ ಕಾರ್ಯನಿರ್ವಹಣಾ ವರದಿ ಸಲ್ಲಿಸಬೇಕು. ಆದಾಯ ತೆರಿಗೆ ರಿಟರ್ನ್‌ನ ವಿದೇಶಿ ಆಸ್ತಿ ಪಟ್ಟಿಯಲ್ಲೂ ತೋರಿಸಬೇಕು. ಏಜೆಂಟರ ಕ್ರೆಡಿಟ್ ಕಾರ್ಡಿನಿಂದ ಷೇರು ಹಣ ಕಟ್ಟಿಸಿ, ಇವಾವುದನ್ನೂ ಮಾಡದೆ ವರ್ಷಗಳ ನಂತರ ಕಡತ ಹಿಡಿದು ಬರುವವರಿದ್ದಾರೆ. ಆಗ ಹಳೆಯ ಲೋಪ ಸರಿಪಡಿಸುವ ಖರ್ಚು ಕಂಪನಿಯ ಬಂಡವಾಳಕ್ಕಿಂತ ಹೆಚ್ಚಾಗಿರುತ್ತದೆ. ಅಂದ ಹಾಗೆ, ಎಲ್ಲ ಶಾಖೆಗಳಲ್ಲೂ ಈ ಕೆಲಸ ಆಗುವುದಿಲ್ಲ. ಹುಬ್ಬಳ್ಳಿಯಲ್ಲಿ ರಫ್ತುದಾರರ ಖಾತೆಗಳಿರುವ, ವಿದೇಶಿ ವಿನಿಮಯ ವಿಭಾಗವಿರುವ ಶಾಖೆಯನ್ನೇ ಹಿಡಿಯಿರಿ.

ವ್ಯಕ್ತಿಯಾಗಿ ನೀವು ವರ್ಷಕ್ಕೆ 2,50,000 ಡಾಲರ್‌ವರೆಗೆ ಕಳಿಸಬಹುದು. ಆದರೆ ₹10 ಲಕ್ಷ ಮೀರಿದ ಹೂಡಿಕೆಯ ಮೊತ್ತಕ್ಕೆ ಬ್ಯಾಂಕ್ ಶೇ 20 ಟಿಸಿಎಸ್ (ಮೂಲದಲ್ಲೇ ಸಂಗ್ರಹಿಸುವ ತೆರಿಗೆ) ಮುರಿದುಕೊಳ್ಳುತ್ತದೆ. ತೆರಿಗೆ ಲೆಕ್ಕದಲ್ಲಿ ಅದು ಮರಳಿ ಸಿಕ್ಕರೂ ಅಲ್ಲಿಯವರೆಗೆ ಹಣ ಸಿಕ್ಕಿಬಿದ್ದಂತೆಯೇ. ಹುಬ್ಬಳ್ಳಿ ಕಂಪನಿಯೇ ಅಂಗಸಂಸ್ಥೆಯಲ್ಲಿ ಹೂಡಿದರೆ ಈ ಟಿಸಿಎಸ್ ಇಲ್ಲ, ನಿವ್ವಳ ಮೌಲ್ಯದ ಶೇ 400ರವರೆಗೆ ಅವಕಾಶವಿದೆ. ಅಂದರೆ ಹೊಲ ಮುಟ್ಟದ ದಾರಿಯೇ ತೆರಿಗೆಯ ದೃಷ್ಟಿಯಿಂದಲೂ ಹಗುರ.

ಗೆಳೆಯರ ಸಲಹೆಗಳನ್ನು ಬೇಗ ಮುಗಿಸುತ್ತೇನೆ. ಅಮೆರಿಕದಲ್ಲಿ ಬಂಡವಾಳ ಹಾಕಿ ವ್ಯಾಪಾರ ನಡೆಸುವವರಿಗೆ ಇರುವ ಇ-2 ವೀಸಾ ಭಾರತೀಯರಿಗಿಲ್ಲ, ಎರಡೂ ದೇಶಗಳ ನಡುವೆ ಅದಕ್ಕೆ ಬೇಕಾದ ಒಪ್ಪಂದವಿಲ್ಲ. ಸ್ವಂತ ಕಂಪನಿಯ ಮೂಲಕ ಎಚ್-1ಬಿ ಕೆಲಸದ ವೀಸಾ ಪಡೆಯಲು 2025ರ ಜನವರಿ 17ರ ನಿಯಮ ಸ್ಪಷ್ಟವಾಗಿ ಅವಕಾಶ ಕೊಟ್ಟಿತು, ಮೊದಲ ಎರಡು ಅವಧಿ ತಲಾ 18 ತಿಂಗಳು ಮಾತ್ರ. ಆದರೆ ವರ್ಷಕ್ಕೆ ಇಷ್ಟೇ ವೀಸಾ ಎಂಬ ಮಿತಿ ಇರುವುದರಿಂದ ಆಯ್ಕೆಯಲ್ಲಿ ಹೆಸರು ಬರಬೇಕು. ಮೇಲಾಗಿ ಅಮೆರಿಕದ ಹೊರಗಿರುವವರ ಹೊಸ ಅರ್ಜಿಗೆ 1,00,000 ಡಾಲರ್ ಎಂದು 2025ರ ಸೆಪ್ಟೆಂಬರ್‌ನಲ್ಲಿ ಅಧ್ಯಕ್ಷರು ಘೋಷಣೆ ಹೊರಡಿಸಿದರು. ನಿಮ್ಮಂಥವರಿಗೆ ಹೊಂದುವುದು ಎಲ್-1ಎ ವೀಸಾ: ಹಿಂದಿನ ಮೂರು ವರ್ಷಗಳಲ್ಲಿ ಸತತ ಒಂದು ವರ್ಷ ಇಲ್ಲಿ ವ್ಯವಸ್ಥಾಪಕರಾಗಿ ದುಡಿದವರು ಅಲ್ಲಿ ಹೊಸ ಕಚೇರಿ ತೆರೆಯಲು ಹೋಗಬಹುದು. ಮೊದಲು ಸಿಗುವುದು ಒಂದೇ ವರ್ಷ. ಅಷ್ಟರಲ್ಲಿ ಅಲ್ಲಿ ಸಿಬ್ಬಂದಿ ನೇಮಿಸಿ, ಕೋಡ್ ಬರೆಯುವುದು ಅವರು, ನಡೆಸುವುದು ನಾನು ಎಂದು ತೋರಿಸಬೇಕು. ಇಲ್ಲಿನ ಕಂಪನಿಯೂ ಚಾಲ್ತಿಯಲ್ಲಿರಬೇಕು. ನೀವಿಲ್ಲದೆ ಅದನ್ನು ನಡೆಸುವವರು ಯಾರು ಎಂಬ ಪ್ರಶ್ನೆಗೆ ನಿಮ್ಮ ಪತ್ರದಲ್ಲಿ ಉತ್ತರ ಕಾಣಲಿಲ್ಲ.

ದುಬೈ ಮಾತ್ರ ‘ನನ್ನ ಕಂಪನಿ, ನನ್ನ ವೀಸಾ’ ಎಂಬ ಮಾತು ಅಕ್ಷರಶಃ ನಿಜವಾಗಿರುವ ಜಾಗ. ಮುಕ್ತ ವಲಯದಲ್ಲಿ ಪರವಾನಗಿ ಪಡೆದು ಪಾಲುದಾರನಾಗಿ ವಾಸದ ವೀಸಾ ಪಡೆಯಬಹುದು. ಆದರೆ ಅದು ಪರವಾನಗಿ ನವೀಕರಿಸುವವರೆಗೆ ಮಾತ್ರ. ಸಾಮಾನ್ಯ ವಾಸದ ವೀಸಾ ಇರುವವರು ಆರು ತಿಂಗಳಿಗಿಂತ ಹೆಚ್ಚು ಹೊರಗಿದ್ದರೆ ರದ್ದಾಗುತ್ತದೆ, ಕಾಲ ಕಳೆದಂತೆ ಪೌರತ್ವದ ಹಕ್ಕು ಹುಟ್ಟುವುದಿಲ್ಲ. 2023ರ ಜೂನ್‌ನಿಂದ 3,75,000 ದಿರ್ಹಮ್ ಮೀರಿದ ಲಾಭಕ್ಕೆ ಶೇ 9 ಕಂಪನಿ ತೆರಿಗೆಯೂ ಬಂದಿದೆ. ಗಲ್ಫ್‌ನಲ್ಲಿ ಗ್ರಾಹಕರಿದ್ದರೆ ಯೋಚಿಸಿ. ನಿಮಗೆ ಸದ್ಯ ಅಲ್ಲಿ ಒಬ್ಬರೂ ಇಲ್ಲ.

ಹಾಗಿದ್ದರೆ ಈಗ ಏನು ಮಾಡಬೇಕು? ನಾನು ನಿಮ್ಮ ಜಾಗದಲ್ಲಿದ್ದರೆ ಮೊದಲು ಬ್ರಿಟನ್ನಿನ ಸಂದರ್ಶಕ ವೀಸಾದಲ್ಲಿ ಹೋಗಿ ಆ ಇಬ್ಬರು ಗ್ರಾಹಕರ ಗೋದಾಮಿನಲ್ಲಿ ನಿಂತು ನೋಡುತ್ತಿದ್ದೆ. ಆರು ತಿಂಗಳವರೆಗಿನ ಆ ವೀಸಾದಲ್ಲಿ ವ್ಯಾಪಾರದ ಸಭೆ, ಕರಾರಿನ ಮಾತುಕತೆ, ಪ್ರದರ್ಶನಗಳಿಗೆ ಹೋಗುವುದು ಎಲ್ಲಕ್ಕೂ ಅವಕಾಶವಿದೆ. ಅಲ್ಲಿನ ಕಂಪನಿಗೆ ದುಡಿಯುವಂತಿಲ್ಲ ಅಷ್ಟೇ. ತಿಂಗಳ ಆದಾಯ 2,300ರಿಂದ 6,000 ಪೌಂಡ್ ಸಮೀಪಕ್ಕೆ ಏರಿ, ಅದಕ್ಕೆ ಲಿಖಿತ ಕರಾರುಗಳಿದ್ದರೆ ಎಕ್ಸ್‌ಪಾನ್ಷನ್ ವರ್ಕರ್ ಅರ್ಜಿಗೆ ಕೈ ಹಾಕಬಹುದು. ಏರದಿದ್ದರೆ ಅಲ್ಲಿ ಕಚೇರಿ ತೆರೆಯುವ ಅಗತ್ಯವೇ ಇನ್ನೂ ಹುಟ್ಟಿಲ್ಲ ಎಂದರ್ಥ. ಬರೀ ಅಲ್ಲಿ ಬದುಕುವ ಆಸೆ ಇದ್ದು ವ್ಯಾಪಾರ ನೆಪವಾಗಿದ್ದರೆ, ಅದರಲ್ಲಿ ತಪ್ಪೇನಿಲ್ಲ. ಆದರೆ ಆಗ ಲೈಸೆನ್ಸ್ ಇರುವ ಬೇರೆ ಕಂಪನಿಯಲ್ಲಿ ಕೆಲಸ ಹುಡುಕುವುದು ಅಗ್ಗದ ದಾರಿ. ಅಂಥ ಕಂಪನಿಗಳ ಪೂರ್ಣ ಪಟ್ಟಿಯನ್ನು ಬ್ರಿಟನ್ ಸರ್ಕಾರ ತನ್ನ ಜಾಲತಾಣದಲ್ಲಿ ಉಚಿತವಾಗಿ ಇಟ್ಟಿದೆ.

ಕೊಟ್ಟ ₹1 ಲಕ್ಷದ ಬಗ್ಗೆ: ಒಪ್ಪಂದ ಪತ್ರ ಇದ್ದರೆ ಮರುಪಾವತಿಯ ಷರತ್ತು ಓದಿ. ನೋಂದಣಿ ಮಾಡಬಾರದು ಎಂದು ಇಂದೇ ಇಮೇಲ್ ಕಳಿಸಿ, ಫೋನಿನಲ್ಲಿ ಹೇಳಿ ಸುಮ್ಮನಾಗಬೇಡಿ. ಜೊತೆಗೆ ಒಂದು ಪ್ರಶ್ನೆ ಕೇಳಿ: ನನ್ನ ಅರ್ಜಿ ಸಿದ್ಧಪಡಿಸುವವರು ಬ್ರಿಟನ್ನಿನ ಇಮಿಗ್ರೇಷನ್ ಅಡ್ವೈಸ್ ಅಥಾರಿಟಿಯಲ್ಲಿ ನೋಂದಾಯಿತರೇ ಅಥವಾ ಅಲ್ಲಿನ ಸಾಲಿಸಿಟರೇ? ಬ್ರಿಟನ್ನಿನೊಳಗೆ ಇಂಥ ಅರ್ಹತೆ ಇಲ್ಲದೆ ವಲಸೆ ಸಲಹೆ ಕೊಡುವುದು ಅಪರಾಧ. ಬೆಂಗಳೂರಿನಲ್ಲಿ ಕುಳಿತವರಿಗೆ ಆ ಕಾನೂನಿನ ಬಿಸಿ ತಟ್ಟುವುದಿಲ್ಲ, ನಿಮಗೆ ಆ ರಕ್ಷಣೆಯೂ ಇಲ್ಲ. ಹೆಸರು ಕೊಟ್ಟರೆ ಅಥಾರಿಟಿಯ ಸಾರ್ವಜನಿಕ ಪಟ್ಟಿಯಲ್ಲಿ ನೀವೇ ನೋಡಬಹುದು. ಸೇವೆ ಕೊಡದೆ ಹಣ ಉಳಿಸಿಕೊಂಡರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಬಹುದು. ನೀವು ವಾಸಿಸುವ ಜಿಲ್ಲೆಯಲ್ಲೇ, ಅಂದರೆ ಧಾರವಾಡದಲ್ಲೇ, ದೂರು ಕೊಡಲು 2019ರ ಕಾಯ್ದೆ ಅವಕಾಶ ಕೊಟ್ಟಿದೆ.

ನಿಮ್ಮ ಪತ್ನಿಯವರು ರಾಜೀನಾಮೆ ಕೊಡಬಾರದು. ನಾನು ಹೇಳಿದ ಎರಡೂ ಬ್ರಿಟನ್ ವೀಸಾಗಳಲ್ಲಿ ಸಂಗಾತಿಗೆ ಅವಲಂಬಿತರಾಗಿ ಬಂದು ಕೆಲಸ ಮಾಡುವ ಅವಕಾಶವಿದೆ, ಆದರೆ ಅದು ನಿಮ್ಮ ವೀಸಾ ಮಂಜೂರಾದ ಮೇಲಿನ ಮಾತು. ಆ ದಿನ ಬಂದಾಗಲೂ ಮೊದಲು ರಜೆಯ ನಿಯಮಗಳನ್ನು ಶಾಲೆಯ ಆಡಳಿತ ಮಂಡಳಿ ಮತ್ತು ಶಿಕ್ಷಣ ಇಲಾಖೆಯ ಕಚೇರಿಯಲ್ಲಿ ವಿಚಾರಿಸಲಿ. ಅನುದಾನಿತ ಹುದ್ದೆ ಒಮ್ಮೆ ಬಿಟ್ಟರೆ ಮತ್ತೆ ಸಿಗುವುದು ಎಷ್ಟು ಕಷ್ಟ ಎಂಬುದು ನನಗಿಂತ ಅವರಿಗೆ ಚೆನ್ನಾಗಿ ಗೊತ್ತಿರುತ್ತದೆ.